ಹಳದಿ ಚುಕ್ಕೆಯ ಬೋಲ್ಟು

ನಮ್ಮ ಊರಿನಲ್ಲಿ ಸಾಯುವವರಿಗೆ ಕೆಲಸ ಬಹಳ. ಇನ್ನು ಎರಡು ತಿಂಗಳು ಎಂದು ಡಾಕ್ಟರು ಹೇಳಿ ಮನೆಗೆ ಕಳಿಸಿದ ಮೇಲೆ ಬೇರೆ ಕಡೆಗಳಲ್ಲಿ ಜನ ಮಲಗಿರುತ್ತಾರಂತೆ. ಇಲ್ಲಿ ಅವರನ್ನು ಬೆಳಗ್ಗೆ ಎಬ್ಬಿಸಿ, ಗಂಜಿ ಕುಡಿಸಿ, ಬೆತ್ತದ ಕುರ್ಚಿಯಲ್ಲಿ ಕೂರಿಸಿ ಮನೆಯೆಲ್ಲ ಹೊತ್ತು ತಿರುಗುತ್ತಾರೆ. ಅವರು ಬಿಗಿ ಮಾಡಿದ್ದನ್ನೆಲ್ಲ ಅವರೇ ಸಡಿಲಿಸಿ ಹೋಗಬೇಕು. ಉಪ್ಪಿನಕಾಯಿ ಭರಣಿಯ ಮುಚ್ಚಳ, ಮಂಚದ ತಿರುಪು, ಬಚ್ಚಲಿನ ನಲ್ಲಿ, ಕನ್ನಡಕದ ಕಿವಿಯ ಸಣ್ಣ ಸ್ಕ್ರೂ. ಬಿಗಿ ಮಾಡಿದ ಕೈಗೆ ಮಾತ್ರ ಅವು ಬಿಚ್ಚಿಕೊಳ್ಳುತ್ತವೆ, ಬೇರೆ ಕೈಗೆ ಇಲ್ಲ. ಇನ್ನೂ ಸ್ವಲ್ಪ ಬಿಗಿಯಾಗಲು ಎಡೆ ಉಳಿದಿದ್ದರೆ ಮತ್ತೊಬ್ಬರು ಬಂದು ಅದನ್ನು ಒಂದು ಎಳೆ ಬಿಗಿ ಮಾಡಿ ತಮ್ಮ ಕೈಗೆ ತೆಗೆದುಕೊಳ್ಳಬಹುದು. ಎಡೆ ಮುಗಿದಿದ್ದರೆ ಮುಗಿಯಿತು.

ಆದ್ದರಿಂದ ಮರ್ಯಾದಸ್ಥರು ಎಲ್ಲಿ ಏನು ಬಿಗಿ ಮಾಡಿದರೂ ಎಡೆ ಬಿಟ್ಟೇ ಬಿಗಿ ಮಾಡುತ್ತಾರೆ. ಔಷಧಿ ಅಂಗಡಿಯವನು ಬಾಟಲಿಯ ಮುಚ್ಚಳವನ್ನು ಸುಮ್ಮನೆ ಕೂರಿಸಿ ಕೊಡುತ್ತಾನೆ. ನಾವು ಅದನ್ನು ಕೈಯಲ್ಲಿ ನೆಟ್ಟಗೆ ಹಿಡಿದು ಮನೆಗೆ ತರುತ್ತೇವೆ. ಕೆಲವರು ಹಾಗಲ್ಲ. ಬಂದ ಮನೆಯಲ್ಲಿ ಯಾರೂ ನೋಡದಾಗ ಒಂದು ಡಬ್ಬಿಯನ್ನೋ ಚಿಲಕದ ತಿರುಪನ್ನೋ ಕೊನೆಯ ತನಕ ತಿರುವಿ ಹೋಗುತ್ತಾರೆ. ಇದಕ್ಕೆ ಕೈ ಇಟ್ಟು ಹೋಗುವುದು ಎನ್ನುತ್ತೇವೆ. ಮಾವನ ಮನೆಯಲ್ಲಿ ಕೈ ಇಟ್ಟು ಬಂದ ಅಳಿಯನನ್ನು ಹಬ್ಬಕ್ಕೆ ಕರೆಯದೆ ಇರಲಾಗುವುದಿಲ್ಲ. ನಮ್ಮ ಬೀದಿಯಲ್ಲಿ ಅತಿಥಿಗಳು ಗೇಟು ದಾಟಿದ ಕೂಡಲೇ ಮನೆಯಾಕೆ ಒಳಗೆ ಹೋಗಿ ಒಂದೊಂದೇ ಮುಚ್ಚಳ ತಿರುವಿ ನೋಡುವ ಸದ್ದು ಕೇಳುತ್ತದೆ. ನಾನೂ ನೋಡುತ್ತೇನೆ. ಉಳಿದವರು ಒಂದು ಸಲ ನೋಡಿದರೆ ನಾನು ಎರಡು ಸಲ.

ನನ್ನ ಗಂಡ ವಿಶ್ವಂಭರ ನೀರು ಸರಬರಾಜು ಕಚೇರಿಯಲ್ಲಿ ವಾಲ್ವ್ ನೋಡಿಕೊಳ್ಳುತ್ತಿದ್ದರು. ಊರಿನ ನೀರೆಲ್ಲ ಅವರ ಕೈಯಲ್ಲಿತ್ತು. ಆ ಮಾತು ನಮ್ಮಲ್ಲಿ ಹೊಗಳಿಕೆಯಲ್ಲ, ಬರೀ ನಿಜ. ಹಾಗಾಗಿ ಅವರ ಕೊನೆಯ ಎರಡು ತಿಂಗಳಲ್ಲಿ ಮೊದಲ ಮೂರು ವಾರವನ್ನು ಕಚೇರಿಯವರು ತೆಗೆದುಕೊಂಡರು. ದಿನಾ ಜೀಪು ಬರುತ್ತಿತ್ತು. ಆಮೇಲೆ ಮನೆ. ಮೈದುನ ಅಚ್ಯುತ ಕುರ್ಚಿ ಹೊರುತ್ತಿದ್ದ, ಅವರು ಸಡಿಲಿಸುತ್ತಿದ್ದರು, ನಾನು ಹಿಂದಿನಿಂದ ಒಂದೊಂದನ್ನೇ ನನ್ನ ಕೈಯಿಂದ ಬಿಗಿ ಮಾಡುತ್ತ ಬರುತ್ತಿದ್ದೆ. ಕಡೆಯದು ಕಾರು. ಅದರ ಕೆಲಸವನ್ನು ಅವರು ಯಾರಿಗೂ ಬಿಟ್ಟವರಲ್ಲ. ಆ ದಿನ ಮಾತ್ರ ದಾದಾಪೀರನನ್ನು ಕರೆಸಿದರು. ಮೂವತ್ತು ವರ್ಷದಿಂದ ಒಬ್ಬನೇ ಗ್ಯಾರೇಜು ನಡೆಸುವವನು ಅವನು. ಅವರು ಒಂದು ಬೋಲ್ಟು ಸಡಿಲಿಸುವುದು, ದಾದಾಪೀರ್ ಅದನ್ನು ಬಿಗಿ ಮಾಡಿ ತಲೆಯ ಮೇಲೆ ಹಳದಿ ಬಣ್ಣದ ಚುಕ್ಕೆ ಇಡುವುದು. ನಲವತ್ತೊಂದು ಬೋಲ್ಟು. ನಾನು ಪಕ್ಕದಲ್ಲಿ ನಿಂತು ಎಣಿಸಿದೆ. ಮುಗಿದ ಮೇಲೆ ಅವರು ಕೈ ಒರೆಸಿಕೊಂಡು, "ಇನ್ನು ನಾನು ಎಲ್ಲೂ ಇಲ್ಲ," ಅಂದರು. ತಮಾಷೆಗೆ ಅಂದದ್ದು. ಮಾಘದಲ್ಲಿ ತೀರಿಕೊಂಡರು.

ಆ ಕಾರಿನಿಂದಲೇ ನಾನು ನನ್ನ ಮನೆಯಲ್ಲಿ ಉಳಿದಿದ್ದೆ. ನಾನು ಕೆಲಸ ಮಾಡುವ ಕಾಲೇಜು ದಿಬ್ಬದ ಆಚೆಗಿದೆ; ಅಲ್ಲಿಯ ಲೈಬ್ರರಿ ನನ್ನ ಜವಾಬ್ದಾರಿ. ಬಸ್ಸು ದಿಬ್ಬ ಹತ್ತುವುದಿಲ್ಲ. ಅಚ್ಯುತನ ಮನೆ ದಿಬ್ಬದ ಆಚೆ, ಕಾಲೇಜಿನ ಹಿಂದೆಯೇ. ಅವನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ಅಣ್ಣ ಹೋದ ಮೇಲೆ ತಿಂಗಳಿಗೆ ಎರಡು ಸಲವಾದರೂ ಬಂದು, ಒಬ್ಬರೇ ಯಾಕೆ ಅತ್ತಿಗೆ, ನಮ್ಮ ಹಿತ್ತಲ ಕೋಣೆ ಖಾಲಿ ಇದೆ, ಬನ್ನಿ ಅನ್ನುತ್ತಿದ್ದ. ಅವನ ಹೆಂಡತಿ ಆ ಕೋಣೆಗೆ ಸುಣ್ಣ ಬಳಿಸಿದ್ದಾಳೆಂದೂ ಹೇಳಿದ. ಕರೆಯುವುದಕ್ಕೂ ಒತ್ತಾಯಕ್ಕೂ ನಡುವೆ ಗೆರೆ ಎಲ್ಲಿದೆ ಎಂದು ನಾನು ಪ್ರತಿ ಸಲವೂ ಹುಡುಕುತ್ತಿದ್ದೆ. ನನಗೆ ನನ್ನ ಮನೆ ಬಿಡುವುದು ಬೇಕಿರಲಿಲ್ಲ. ಅಲ್ಲಿಯ ಪ್ರತಿ ಮುಚ್ಚಳವೂ ಈಗ ನನ್ನ ಕೈಯಲ್ಲಿತ್ತು.

ದಸರಾ ರಜೆ ಮುಗಿದ ವಾರ ಕಾರು ದಿಬ್ಬದ ಅರ್ಧದಲ್ಲಿ ಕುದಿಯತೊಡಗಿತು. ದಾದಾಪೀರ್ ಮನೆಗೇ ಬಂದು ಬಾನೆಟ್ ಎತ್ತಿದ. ಎಂಜಿನ್ನಿನ ಮುಂದೆ ಬಿಸಿನೀರು ಹಾಯುವ ಕಡೆ ಅಲ್ಯೂಮಿನಿಯಮ್ಮಿನ ಒಂದು ಮುಚ್ಚಳವಿದೆ, ಅಂಗೈಯಷ್ಟು. ಅದರೊಳಗೆ ಏನೋ ಕಟ್ಟಿಕೊಂಡಿದೆ, ತೆಗೆದು ನೋಡಬೇಕು ಎಂದ. ಮುಚ್ಚಳಕ್ಕೆ ಎರಡೇ ಬೋಲ್ಟು, ಒಂದು ಮೇಲಿನಿಂದ, ಒಂದು ಕೆಳಗಿನಿಂದ. ಮೇಲಿನದು ಅವನ ಕೈಗೆ ಬೆಣ್ಣೆಯಂತೆ ಬಂತು. ಕೆಳಗಿನದು ಬರಲಿಲ್ಲ.

ಅವನು ಆತುರಪಡುವವನಲ್ಲ. ಎರಡು ದಿನ ಸೀಮೆಎಣ್ಣೆ ಬಿಟ್ಟ. ದೀಪದ ಉರಿಯಲ್ಲಿ ಕಾಯಿಸಿ, ಮೇಣ ಮುಟ್ಟಿಸಿ, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಆರಲು ಬಿಟ್ಟ. "ಮೊದಲು ತುಕ್ಕನ್ನ ಅನುಮಾನಿಸಬೇಕು ಅಮ್ಮಾವ್ರೆ, ಮನುಷ್ಯರನ್ನ ಆಮೇಲೆ," ಅಂದ. ತುಕ್ಕು ಹಿಡಿದದ್ದು ಎಳೆದಾಗ ಕಿರುಗುಟ್ಟುತ್ತದಂತೆ. ಇದು ಸದ್ದೇ ಮಾಡುತ್ತಿರಲಿಲ್ಲ. ಮೂರನೆಯ ದಿನ ಅವನು ಎದ್ದು ಕೂತು ಸ್ಪ್ಯಾನರ್ ಕೆಳಗಿಟ್ಟ.

"ಕೈ ಇದೆ," ಅಂದ.

ಒಂದು ಕ್ಷಣ ನನಗೆ ಖುಷಿಯಾಯಿತು. ಅದನ್ನು ಬರೆಯಲು ಸಂಕೋಚವಿದೆ, ಆದರೆ ಬೇರೆ ಪದ ಸಿಗುತ್ತಿಲ್ಲ. ನನ್ನವರು ಒಂದನ್ನು ಮರೆತು ಹೋಗಿದ್ದಾರೆ ಅಂದುಕೊಂಡೆ. ಬಗ್ಗಿ, ಕೆಳಗೆ ಸಣ್ಣ ಕನ್ನಡಿ ಹಿಡಿದು ನೋಡಿದೆ. ಬೋಲ್ಟಿನ ತಲೆಯ ಮೇಲೆ ಹಳದಿ ಚುಕ್ಕೆ ಇತ್ತು. ಅವರು ಅದನ್ನು ಬಿಟ್ಟುಕೊಟ್ಟಾಗಿತ್ತು. ದಾದಾಪೀರ್ ತನ್ನ ಕೈಗೆ ತೆಗೆದುಕೊಂಡಾಗಿತ್ತು. ಅದಾದ ಮೇಲೆ ಮತ್ತೊಂದು ಕೈ ಬಂದಿದೆ.

ಮತ್ತೊಂದು ಎಳೆ ಬಿಗಿ ಮಾಡಿ ನಿನ್ನದಾಗಿಸಿಕೊ ಎಂದೆ. ಆಗುವುದಿಲ್ಲವೆಂದು ಅವನು ತಲೆಯಾಡಿಸಿದ. ಅಲ್ಯೂಮಿನಿಯಂ ಮೆದು ಅಂತ ತಾನು ಸಾಕಷ್ಟು ಎಡೆ ಬಿಟ್ಟಿದ್ದೆ, ಈಗ ಕೂದಲಿನಷ್ಟೂ ಇಲ್ಲ, ಯಾರೋ ಮೈಭಾರವೆಲ್ಲ ಹಾಕಿದ್ದಾರೆ ಎಂದ. ಇನ್ನೊಂದು ಮುಚ್ಚಳ ತರಿಸೋಣವೆಂದರೆ ಆ ಕಾರು ಮಾಡುವುದನ್ನು ನಿಲ್ಲಿಸಿಯೇ ಇಪ್ಪತ್ತು ವರ್ಷವಾಗಿತ್ತು. ಕೈ ಕರೆಸಿ, ಎಂದು ಅವನು ಸಲಹೆ ಕೊಟ್ಟ. ಕೈ ಕರೆಯುವುದೆಂದರೆ ಛತ್ರದ ಮುಂದೆ ಡಂಗುರ ಹೊಡೆಸಿ, ಯಾರು ಇಟ್ಟಿದ್ದೀರೋ ಬಂದು ತೆಗೆಯಿರಿ ಎಂದು ಸಾರುವುದು. ಬಂದವನ ಮುಖವನ್ನು ಊರೆಲ್ಲ ನೋಡುತ್ತದೆ. ಆದ್ದರಿಂದ ಯಾರೂ ಬರುವುದಿಲ್ಲ. ನಾನು ಬೇಡವೆಂದೆ. ನಾನೇ ಕಂಡುಹಿಡಿಯುತ್ತೇನೆ ಎಂದುಕೊಂಡೆ.

ಕಾಲೇಜಿಗೆ ಒಂದು ವಾರದ ರಜೆ ಬರೆದು ಕೊಟ್ಟು ಹಳೆಯ ಡೈರಿ ತೆಗೆದು ಕೂತೆ. ಮನೆಗೆ ಬಂದುಹೋದವರ ಹೆಸರನ್ನು ನಾನು ಮೊದಲಿನಿಂದಲೂ ಬರೆದಿಡುತ್ತೇನೆ. ಮಾಘದಿಂದ ಈಚೆಗೆ ಕಾರಿನ ಹತ್ತಿರ ಹೋಗಬಹುದಾಗಿದ್ದವರು ಮೂವರು. ಒಬ್ಬ ದಾದಾಪೀರ್. ಎಳೆದಂತೆ ಮಾಡಿ ಎಳೆಯದೇ ಇರುವುದು ಅವನಿಗೆ ಕಷ್ಟವೇ? ಆ ಮೂರು ದಿನ ಎಳೆದ ಅವನ ತೋಳನ್ನು ನೆನಪಿಸಿಕೊಂಡೆ. ಹುರಿಗಟ್ಟಿದ ನರ, ಕತ್ತಿನ ಬೆವರು, ಅದು ನಟನೆಯಲ್ಲ ಎಂದು ಅವನ ಹೆಸರಿನ ಮೇಲೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದೆ. ಪೆನ್ನಿನಲ್ಲಿ ಅಲ್ಲ.

ಇನ್ನೊಬ್ಬಳು ನಾನು. ನ್ಯಾಯವಾಗಿ ನನ್ನ ಹೆಸರನ್ನೂ ಬರೆದೆ. ವೈಕುಂಠ ಸಮಾರಾಧನೆಯಾದ ಮರುವಾರ ಒಂದು ಮಧ್ಯಾಹ್ನ ನಾನು ಬಾನೆಟ್ ಎತ್ತಿ ನಲವತ್ತೊಂದು ಬೋಲ್ಟುಗಳನ್ನೂ ಮುಟ್ಟಿದ್ದೆ. ಒಂದೇ ದಿನದಲ್ಲಿ ಅಷ್ಟನ್ನು ಬಿಗಿ ಮಾಡಿದ ದಾದಾಪೀರ್ ಎಲ್ಲಾದರೂ ಸಡಿಲ ಬಿಟ್ಟಿದ್ದರೆ? ಸರಿಯಾಗಿ ಬಿಗಿಯಾಗದ್ದು ಯಾರ ಕೈಗಾದರೂ ಅಲುಗುತ್ತದೆ. ಆದ್ದರಿಂದ ಒಂದೊಂದನ್ನೂ ಬಿಚ್ಚಲು ನೋಡಿದೆ. ಕೆಳಗಿನದಕ್ಕೆ ಕೈ ಎಟುಕದೆ, ಮೇಲಿನಿಂದ ತೋಳು ಇಳಿಬಿಟ್ಟು, ಕಣ್ಣಿಗೆ ಕಾಣದೆ ಬೆರಳಿನಿಂದಲೇ ಸ್ಪ್ಯಾನರ್ ಸಿಕ್ಕಿಸಿ, ಅದರ ಮೇಲೆ ಜೋತುಬಿದ್ದಂತೆ ಎಳೆದೆ. ಯಾವುದೂ ಬಿಚ್ಚಲಿಲ್ಲ. ನೆಮ್ಮದಿಯಾಗಿ ಬಾನೆಟ್ ಹಾಕಿದ್ದೆ. ನಾನು ಬಿಚ್ಚಲು ನೋಡಿದ್ದೆ, ಬಿಗಿ ಮಾಡಲು ಅಲ್ಲ. ಆದ್ದರಿಂದ ನನ್ನ ಹೆಸರನ್ನು ಪೆನ್ನಿನಲ್ಲೇ ಹೊಡೆದುಹಾಕಿದೆ.

ಉಳಿದವನು ಅಚ್ಯುತ. ಯುಗಾದಿಯ ಮಾರನೆಯ ದಿನ ಅವನು ಬಂದು ಕಾರು ತೊಳೆದುಕೊಟ್ಟಿದ್ದ. ನಾನು ಕೇಳಿರಲಿಲ್ಲ. ಬಾನೆಟ್ ಎತ್ತಿ ನೀರು ತುಂಬಿಸಿದ್ದನ್ನು ಅಡುಗೆಮನೆಯ ಕಿಟಕಿಯಿಂದ ನೋಡಿದ್ದೆ. ನಡುವೆ ಹಾಲು ಉಕ್ಕಿ ಎರಡು ನಿಮಿಷ ಒಳಗೆ ತಿರುಗಿದ್ದೆ. ಎರಡು ನಿಮಿಷ ಸಾಕು. ಕಾರು ನಿಂತರೆ ನಾನು ದಿಬ್ಬ ದಾಟಲಾರೆ. ದಾಟಲಾರದಿದ್ದರೆ ಸುಣ್ಣ ಬಳಿದ ಆ ಕೋಣೆಗೆ ಹೋಗಬೇಕು. ಒಮ್ಮೆ ಹೀಗೆ ಯೋಚಿಸಿದ ಮೇಲೆ ಅವನು ಅಂದ ಹಳೆಯ ಮಾತುಗಳೆಲ್ಲ ತಿರುಗಿ ನಿಂತವು. ಆ ಕಾರಿಗೂ ವಯಸ್ಸಾಯಿತು ಅತ್ತಿಗೆ, ಎಷ್ಟು ದಿನ ಹತ್ತೀತು ಎಂದು ಅವನು ಶ್ರಾವಣದಲ್ಲಿ ಅಂದಿದ್ದ. ಅವನಿಗೆ ಹೇಗೆ ಗೊತ್ತಿತ್ತು?

ಭಾನುವಾರ ಬೆಳಗ್ಗೆ ಹೇಳಿಕಳಿಸಿದೆ. ಬಂದ. ಅವನ ಹೆಂಡತಿ ಕೊಟ್ಟ ಕೋಡುಬಳೆಯ ಡಬ್ಬಿ ತಂದಿದ್ದ, ಮುಚ್ಚಳವನ್ನು ಸುಮ್ಮನೆ ಮೇಲಿಟ್ಟು ದಾರ ಕಟ್ಟಿತ್ತು. ಕಾಫಿ ಕೊಟ್ಟೆ. ಕಾರಿನ ಬಾನೆಟ್ ಮೊದಲೇ ಎತ್ತಿಟ್ಟಿದ್ದೆ, ಬಟ್ಟೆಯ ಮೇಲೆ ರಿಂಗ್ ಸ್ಪ್ಯಾನರ್ ಇಟ್ಟಿದ್ದೆ. ದಾದಾಪೀರನ ಭುಜ ನೋಯುತ್ತಿದೆ, ಆ ಒಂದು ಬೋಲ್ಟನ್ನು ನೀನು ಸ್ವಲ್ಪ ಎಳೆದು ನೋಡುತ್ತೀಯಾ ಎಂದೆ. ವಾಕ್ಯವನ್ನು ಹಿಂದಿನ ದಿನವೇ ಜೋಡಿಸಿಕೊಂಡಿದ್ದೆ. ಅದು ಸಹಜವಾಗಿದೆ ಎಂದು ನನಗೆ ಅನ್ನಿಸಿತ್ತು.

ಅವನು ಸ್ಪ್ಯಾನರ್ ನೋಡಿದ, ನನ್ನನ್ನು ನೋಡಿದ.

"ಅತ್ತಿಗೆ, ಇದು ಸಹಾಯವೋ, ಪರೀಕ್ಷೆಯೋ?"

ನಾನು ತಕ್ಕ ಪದ ಹುಡುಕುತ್ತ ಸ್ಪ್ಯಾನರಿನ ಕೆಳಗಿನ ಬಟ್ಟೆ ಸರಿಮಾಡಿದೆ. ಅವನಿಗೆ ಅದೇ ಉತ್ತರವಾಯಿತು. ಕಾಫಿ ಲೋಟವನ್ನು ಜಗಲಿಯ ಮೇಲಿಟ್ಟು ಅಂಗಿಯ ತೋಳು ಮಡಚಿದ. ಚೆನ್ನಾಗಿ ನೋಡಿ ಎಂದು ಹೇಳಿ ಕಾರಿನ ಕೆಳಗೆ ಮಲಗಿದ. ನಾನು ನೆಲಕ್ಕೆ ಬಗ್ಗಿ ನೋಡಿದೆ. ಅವನು ಎಳೆದ. ಬರಲಿಲ್ಲ. ಅವನ ತೋಳಿನಲ್ಲಿ ನರ ಕಾಣಲಿಲ್ಲ ಎಂದು ನನಗೆ ಅನ್ನಿಸಿತು. "ಇನ್ನೂ ಸ್ವಲ್ಪ ಜೋರಾಗಿ," ಅಂದೆ.

ಅವನು ಪಕ್ಕದಲ್ಲಿದ್ದ ಕಬ್ಬಿಣದ ಕೊಳವೆಯನ್ನು ಸ್ಪ್ಯಾನರಿನ ಹಿಡಿಗೆ ತೂರಿಸಿ, ಕಾಲನ್ನು ಗೋಡೆಗೆ ಕೊಟ್ಟು ಎಳೆದ. ಒಣಗಿದ ಕಡ್ಡಿ ಮುರಿದಂಥ ಸದ್ದಾಯಿತು. ಬೋಲ್ಟಿನ ತಲೆ ಮುರಿದು ಸಿಮೆಂಟಿನ ಮೇಲೆ ಉರುಳಿ ನನ್ನ ಕಾಲಿನ ಹತ್ತಿರ ಬಂತು, ಹಳದಿ ಚುಕ್ಕೆ ಮೇಲಾಗಿ. ಅವನು ಹೊರಗೆ ಬಂದಾಗ ಬೆರಳಿನ ಗೆಣ್ಣು ಕಿತ್ತು ರಕ್ತ ಬರುತ್ತಿತ್ತು. ಅರಿಸಿನ ತರುತ್ತೇನೆ ಎಂದೆ. ಬೇಡವೆಂದ.

"ಅಣ್ಣನ ಕುರ್ಚಿ ಹೊತ್ತಿದ್ದು ಇದೇ ಕೈ," ಎಂದ. ಕೂಗಲಿಲ್ಲ, ಮಕ್ಕಳಿಗೆ ಪಾಠ ಹೇಳುವ ದನಿಯಲ್ಲೇ ಹೇಳಿದ. "ಅವನು ಬಿಚ್ಚುವಾಗ ನಾನು ಪಕ್ಕದಲ್ಲೇ ಇದ್ದೆ. ಕೈ ಇಡಬೇಕಿದ್ದರೆ ಅವತ್ತೇ ಇಡುತ್ತಿದ್ದೆ."

ಹೊರಟುಹೋದ. ಅಲ್ಲಿಗೆ ನಾನು ನಾಚಿ ನಿಲ್ಲಬೇಕಿತ್ತು. ಆದರೆ ಅವನು ಗೇಟು ದಾಟುವ ಮೊದಲೇ ನನಗೆ ಇನ್ನೊಂದು ಯೋಚನೆ ಬಂತು: ಬೇಕೆಂದೇ ಮುರಿದನೇ? ತಲೆ ಇಲ್ಲದ ಬೋಲ್ಟನ್ನು ಇನ್ನು ಯಾರ ಕೈಯಲ್ಲಿ ಪರೀಕ್ಷಿಸುವುದು? ಒಳಗೆ ಹೋಗಿ ಕೋಡುಬಳೆಯ ಡಬ್ಬಿಯ ದಾರ ಬಿಚ್ಚಿ ಮುಚ್ಚಳ ತಿರುವಿ ನೋಡಿದೆ. ಸಡಿಲವಾಗಿಯೇ ಇತ್ತು.

ಮಾರನೆಯ ದಿನ ದಾದಾಪೀರ್ ಬಂದು ನೋಡಿ ತುಟಿ ಒತ್ತಿಕೊಂಡ. ತಲೆ ಹೋದದ್ದರಿಂದ ಮುಚ್ಚಳವೇನೋ ಕೈಗೆ ಬಂತು, ಆದರೆ ಬೋಲ್ಟಿನ ದೇಹ ಅದರ ತಿರುಪಿನ ತೂತಿನೊಳಗೆ ಉಳಿದಿತ್ತು. ಗ್ಯಾರೇಜಿಗೆ ಒಯ್ದು ವೈಸಿನ ದವಡೆಯಲ್ಲಿ ಹಿಡಿದ. ನಾನೂ ಜೊತೆಗೆ ಹೋದೆ. ಅವನನ್ನು ಒಬ್ಬನೇ ಬಿಡಲು ಮನಸ್ಸಾಗಲಿಲ್ಲ. ಮುರಿದ ಮುಖವನ್ನು ಅರದಿಂದ ಉಜ್ಜಿ ಸಮ ಮಾಡಿದ. ಅದರ ನಟ್ಟನಡುವೆ ಮೊಳೆಯಿಂದ ಸಣ್ಣ ಗುಳಿ ಹೊಡೆದ. ಡ್ರಿಲ್ಲನ್ನು ನೆಟ್ಟಗೆ ಹಿಡಿದು ನಿಧಾನವಾಗಿ ತೂತು ಕೊರೆದ, ನಡುನಡುವೆ ಎಣ್ಣೆ ಬಿಟ್ಟ. ಒಂದಿಷ್ಟು ಓರೆಯಾದರೂ ಅಲ್ಯೂಮಿನಿಯಂ ಹರಿಯುತ್ತದೆ, ಆಮೇಲೆ ಈ ಮುಚ್ಚಳ ಒಲೆಗುಂಡಿಗೂ ಆಗುವುದಿಲ್ಲ ಎಂದ. ಆ ತೂತಿಗೆ ಎಡಸುತ್ತಿನ ಮೊನಚು ಪಿನ್ನೊಂದನ್ನು ಬಡಿದು ಕೂರಿಸಿದ. ಬಿಚ್ಚುವ ಕಡೆಗೆ ತಿರುವಿದಷ್ಟೂ ಅದು ಒಳಗೆ ಕಚ್ಚುತ್ತದೆ, ಕಚ್ಚಿ ಮುರಿದ ತುಂಡನ್ನು ಎಳೆದುಕೊಂಡು ಬರುತ್ತದೆ. ಪಿನ್ನಿಗೆ ಹಿಡಿ ಸಿಕ್ಕಿಸಿ ತಿರುವಿದ.

ಬರಲಿಲ್ಲ. ಮುರಿದರೂ ಕೈ ಬಿಟ್ಟಿರಲಿಲ್ಲ.

ಅವನು ಸ್ಟೂಲಿನ ಮೇಲೆ ಕೂತು ಬೀಡಿ ಹಚ್ಚಿ ನನ್ನ ಕಡೆ ನೋಡದೆ ಕೇಳಿದ. "ಅಮ್ಮಾವ್ರೆ, ತಪ್ಪು ತಿಳೀಬೇಡಿ. ನೀವು ಮುಟ್ಟಿದ್ರಾ?"

ಮುಟ್ಟಿದ್ದೆ, ಬಿಗಿಯಾಗಿದೆಯೋ ಇಲ್ಲವೋ ಎಂದು ಬಿಚ್ಚಲು ನೋಡಿದೆ ಅಷ್ಟೆ ಎಂದೆ. ಅವನ ಕೆಲಸವನ್ನು ನಾನು ಅನುಮಾನಿಸಿದ್ದೆ ಎಂದು ಇದರಿಂದ ಅವನಿಗೆ ಗೊತ್ತಾಯಿತು. ಅವನು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

"ಕೆಳಗೆ ಮಲಗಿ ಎಳೆದ್ರಾ, ಮೇಲಿಂದ ಕೈ ಬಿಟ್ಟು ಎಳೆದ್ರಾ?"

"ಮೇಲಿನಿಂದ."

ಅವನು ಎದ್ದ. ಜೇಬಿನಿಂದ ಪೆನ್ನು ತೆಗೆದು ಕ್ಯಾಪಿನ ತುದಿಯನ್ನು ನನ್ನ ಮುಖದ ಕಡೆ ಹಿಡಿದು, ಇದರ ತಲೆ ನಿಮ್ಮ ಕಡೆ ಇದೆ, ಬಿಚ್ಚೋ ಥರ ತಿರುಗಿಸಿ ಅಂದ. ಎಡಕ್ಕೆ ತಿರುಗಿಸಿದೆ. ಪೆನ್ನನ್ನು ತಲೆಕೆಳಗು ಮಾಡಿ, ತಲೆ ನೆಲದ ಕಡೆಗಿರುವಂತೆ ಹಿಡಿದು, ಈಗ ಮೇಲಿಂದ ಕೈ ಇಳಿಸಿ ಅದೇ ಥರ ತಿರುಗಿಸಿ ಅಂದ. ತಿರುಗಿಸುತ್ತಿದ್ದಂತೆ ಗೊತ್ತಾಯಿತು. ಅರ್ಧಕ್ಕೇ ನಿಲ್ಲಿಸಿದೆ.

ತಲೆ ಆ ಕಡೆ ಇದ್ದರೆ ಎಡ ಬಲವಾಗುತ್ತದೆ. ಜೋತುಬಿದ್ದು ನಾನು ಎಳೆದದ್ದೆಲ್ಲ ಬಿಗಿಯ ಕಡೆಗೆ. ಅವನು ಬಿಟ್ಟಿದ್ದ ಎಡೆಯನ್ನು ಮೈಭಾರವೆಲ್ಲ ಹಾಕಿ ಮುಗಿಸಿದವಳು ನಾನು. ಕೊನೆಯ ಎಳೆ ಮುಗಿದು ಅದು ಗಟ್ಟಿಯಾಗಿ ನಿಂತಾಗ, ಸದ್ಯ, ಬಿಚ್ಚಲಿಲ್ಲ ಎಂದು ನೆಮ್ಮದಿಪಟ್ಟಿದ್ದೆ.

ದಾದಾಪೀರ್ ಹಿಡಿಯನ್ನು ನನ್ನ ಕಡೆ ತಿರುಗಿಸಿದ. ನಾನು ಎರಡು ಬೆರಳಲ್ಲಿ ಹಿಡಿದು ತಿರುವಿದೆ. ಅದಕ್ಕೆ ಶಕ್ತಿಯೇ ಬೇಕಾಗಲಿಲ್ಲ. ನೆನೆದ ಕಡಲೆಯ ಸಿಪ್ಪೆ ಜಾರುವಂತೆ ತುಂಡು ಬೋಲ್ಟು ಸುತ್ತುಸುತ್ತಾಗಿ ಹೊರಗೆ ಬಂತು. ಕಿರುಬೆರಳಿನ ಒಂದು ಗೆಣ್ಣಿನಷ್ಟು ಉದ್ದ.

"ಮನೆಯೋರು ಎಲ್ಲರ ಕೈ ನೋಡ್ತಾರೆ. ತಮ್ಮದು ಮಾತ್ರ ಕಡೆಗೆ," ಎಂದು ಅವನು ತನ್ನಷ್ಟಕ್ಕೆ ಹೇಳಿಕೊಂಡು ಹೊಸ ಬೋಲ್ಟು ಹುಡುಕಲು ಡಬ್ಬಿಗೆ ಕೈ ಹಾಕಿದ.

ಅವತ್ತು ಮಧ್ಯಾಹ್ನ ಅವನು ಒಳಗೆ ಕಟ್ಟಿಕೊಂಡದ್ದನ್ನು ತೆಗೆದು, ಮುಚ್ಚಳವನ್ನು ಕಾರಿಗೆ ಕೂರಿಸಿ ಮೇಲಿನ ಬೋಲ್ಟನ್ನು ತನ್ನ ಕೈಯಿಂದ ಬಿಗಿ ಮಾಡಿದ. ಕೆಳಗಿನದನ್ನು ಹಾಗೇ ಬಿಡು ಎಂದೆ. ದಿಬ್ಬವನ್ನು ನಡೆದೇ ಹತ್ತಿ ಇಳಿದು ಹೈಸ್ಕೂಲಿಗೆ ಹೋದೆ. ಒಂದೂವರೆ ಗಂಟೆ ಹಿಡಿಯಿತು. ದಾರಿಯಲ್ಲಿ ವಾಕ್ಯ ಜೋಡಿಸಲಿಲ್ಲ. ಅಚ್ಯುತ ವರಾಂಡದಲ್ಲಿ ಒದ್ದೆ ಚಿತ್ರಗಳನ್ನು ಹಗ್ಗಕ್ಕೆ ಸಿಕ್ಕಿಸುತ್ತಿದ್ದ, ಗೆಣ್ಣಿಗೆ ಬಟ್ಟೆ ಸುತ್ತಿತ್ತು. ಅದು ನನ್ನ ಕೈ, ಅಚ್ಯುತ, ಎಂದೆ. ಮೇಲಿನಿಂದ ಎಳೆದದ್ದನ್ನೂ ಹೇಳಿದೆ. ನೀನು ಬೇಕೆಂದೇ ಮುರಿದೆ ಎಂದು ಆಮೇಲೂ ಅಂದುಕೊಂಡೆ ಎಂಬುದನ್ನೂ ಹೇಳಿದೆ. ಅದನ್ನು ಹೇಳದಿದ್ದರೆ ಉಳಿದದ್ದು ಅರ್ಧ ನಿಜವಾಗುತ್ತಿತ್ತು. ಅವನು ಚಿತ್ರ ಸಿಕ್ಕಿಸುವುದನ್ನು ನಿಲ್ಲಿಸಲಿಲ್ಲ. ಕಡೆಗೆ ಕೇಳಿದ, "ಅದಕ್ಕೆ ಇಷ್ಟು ದೂರ ನಡೆದು ಬಂದಿರಾ?"

ಅಲ್ಲ, ಹೊಸದನ್ನು ನೀನು ಬಿಗಿ ಮಾಡಬೇಕು ಎಂದೆ.

ಅವನ ಕೈ ಹಗ್ಗದ ಮೇಲೆ ನಿಂತಿತು. ನಮ್ಮ ಊರಿನಲ್ಲಿ ಇಂಥದನ್ನು ಯಾರೂ ಕೇಳಿಕೊಳ್ಳುವುದಿಲ್ಲ. ಅವನು ನನ್ನ ಮುಖದಲ್ಲಿ ಏನನ್ನೋ ಹುಡುಕಿದ. ಇದರಲ್ಲೂ ಏನೋ ಇದೆ ಎಂದು ಅನುಮಾನಿಸುತ್ತಿದ್ದ. ಆ ನೋಟ ನನಗೆ ಚೆನ್ನಾಗಿ ಗೊತ್ತು, ಕನ್ನಡಿಯಲ್ಲಿ ನೋಡಿದ್ದೇನೆ.

ಶಾಲೆ ಬಿಟ್ಟ ಮೇಲೆ ತನ್ನ ಸ್ಕೂಟರಿನಲ್ಲಿ ನನ್ನನ್ನು ಕರೆತಂದ. ಇನ್ನೂ ಬಿಸಿಲಿತ್ತು. ದಾದಾಪೀರ್ ಕಾಯುತ್ತ ಜಗಲಿಯ ಮೇಲೆ ಕೂತಿದ್ದ. ಅಚ್ಯುತ ಅಂಗಿಯ ತೋಳು ಮಡಚಿ ಕಾರಿನ ಕೆಳಗೆ ಮಲಗಿ ಬೋಲ್ಟಿಗೆ ಸ್ಪ್ಯಾನರ್ ಹಾಕಿದವನು ಹಾಗೆಯೇ ಕೈ ತಡೆದ.

"ನನ್ನ ಕೈ ಇದರಲ್ಲಿದ್ದರೆ, ನಾಳೆ ಟೈರು ಪಂಕ್ಚರಾದರೂ ನನ್ನನ್ನೇ ಅನುಮಾನಿಸುತ್ತೀರಿ."

"ಅನುಮಾನಿಸುತ್ತೇನೆ," ಅಂದೆ. "ನನಗೆ ಬೇರೆ ಬರುವುದಿಲ್ಲ. ಆದರೂ ನೀನೇ ಮಾಡು."

ಅವನು ಒಂದು ಸುತ್ತು ತಿರುವಿದ, ಎರಡು, ಮೂರು. ಆಮೇಲೆ ಸ್ಪ್ಯಾನರ್ ನಿಧಾನವಾಯಿತು. ನಾನು ನೆಲಕ್ಕೆ ಬಗ್ಗಿ ಕಣ್ಣು ಮಿಟುಕಿಸದೆ ನೋಡುತ್ತಿದ್ದೆ. ಅವನು ಕೆಳಗಿನಿಂದ ಅದನ್ನು ಕಂಡು, ಕಂಡೂ ಕಾಣದಷ್ಟು ನಕ್ಕ.

"ಎಡೆ ಬಿಡಲೇ ಅತ್ತಿಗೆ?"

"ಬೇಡ."

ಅವನು ಬಟ್ಟೆ ಸುತ್ತಿದ ಕೈಯಿಂದಲೇ ಕೊನೆಯ ಎಳೆಯನ್ನು ಎಳೆದ. ಸ್ಪ್ಯಾನರ್ ನಿಂತಿತು. ದಾದಾಪೀರ್ ಹಳದಿ ಬಣ್ಣದ ಡಬ್ಬಿ ಎತ್ತಿಕೊಂಡು ಬಂದ. ಅದು ಬೇಡ, ಇದು ಯಾರದೆಂದು ನನಗೆ ಗೊತ್ತಿದೆ ಎಂದು ಹೇಳಿ ಬಾನೆಟ್ ಹಾಕಿದೆ.